ಗಾಜಿನ ಹಿಂದಿನ ಕಣ್ಣು

ಶುಕ್ರವಾರ, ಮಾರ್ಚ್ ೧೪

ನನ್ನ ಚಿನಕುರಳಿಗೆ,

ಹೇಗಿದ್ದೀಯೇ? ನಿನ್ನ ಮಗಳು ಮರಿಯ ಕೈಗೆ ಹಾಕಿದ್ದ ಪಟ್ಟಿ ಬಿಚ್ಚಿದರಂತೆ, ಅಮ್ಮ ಹೇಳಿದಳು. ನಾಲ್ಕು ತಿಂಗಳಾಯ್ತು, ನನ್ನಿಂದ ನಿನಗೆ ಒಂದು ಫೋನಿಲ್ಲ, ಕಾಗದ ಇಲ್ಲ. ಬಾಯಿ ತುಂಬಾ ಬೈ, ಬೈಸಿಕೊಳ್ಳೋಕೆ ಲಾಯಕ್ಕಾಗೇ ಇದ್ದೀನಿ. ಕೆಲಸ ಜಾಸ್ತಿ ಇತ್ತು ಅಂತ ಸುಳ್ಳು ಹೇಳಲ್ಲ. ಫೋನ್ ಕೈಗೆ ತಗೊಂಡಾಗಲೆಲ್ಲ ನಾಲಿಗೆ ಏಳ್ತಿರಲಿಲ್ಲ. ಅದಕ್ಕೇ ಬರೀತಾ ಕೂತಿದ್ದೀನಿ.

ಮೊದಲು ಸುದ್ದಿ ಕೇಳು. ನಿನ್ನೆ ಕೆಲಸ ಬಿಟ್ಟೆ. ಬಿಟ್ಯಾ, ಬಿಡಿಸಿದ್ರಾ ಅಂತ ಕೇಳಬೇಡ, ಎರಡೂ ಒಂದೇ ಉಸಿರಿಗೆ ಆಯ್ತು. ಹದಿನೇಳು ವರ್ಷ ಕಾರಿನ ಗಾಜು ಕಿತ್ತು, ಕಾರಿಗೆ ಗಾಜು ಕೂರಿಸಿ, ಹೆಸರು ಹೋಗಿ ಎಲ್ಲರ ಬಾಯಲ್ಲೂ ಗಾಜಕ್ಕ ಆದವಳು ನಾನು. ಅಳ್ತಾ ಇದ್ದೀನಿ ಅಂದುಕೊಂಡೆಯಾ? ಸೊಂಟಕ್ಕೆ ಕೈ ಕೊಟ್ಟುಕೊಂಡೇ ಗೇಟು ದಾಟಿ ಬಂದೆ ಕಣೇ.

ಆಗಿದ್ದು ಇಷ್ಟು. ಮೊದಲೆಲ್ಲ ಗಾಜು ಅಂದ್ರೆ ಬರೀ ಗಾಜು. ಹಳೇದು ಕೀಳು, ಅಂಟು ಬಳಿ, ಹೊಸದು ಕೂರಿಸು, ಒಣಗೋಕೆ ಬಿಡು, ಮುಗೀತು. ಈಗಿನ ಕಾರುಗಳಲ್ಲಿ ಗಾಜಿನ ಹಿಂದೆ, ಕನ್ನಡಿ ಪಕ್ಕದಲ್ಲಿ, ಒಂದು ಪುಟ್ಟ ಕ್ಯಾಮೆರಾ ಕೂತಿರುತ್ತೆ. ಮುಂದೆ ಯಾರಾದ್ರೂ ಅಡ್ಡ ಬಂದ್ರೆ ಕಾರು ತಾನೇ ಬ್ರೇಕ್ ಹಾಕೋದು, ರಸ್ತೆಯ ಗೆರೆ ದಾಟಿದ್ರೆ ಸ್ಟೀರಿಂಗ್ ಎಳೆಯೋದು, ಎಲ್ಲ ಆ ಕಣ್ಣು ನೋಡಿ ಹೇಳಿದ್ಮೇಲೇ. ಗಾಜು ಬದಲಾಯಿಸಿದ್ರೆ ಆ ಕಣ್ಣಿಗೆ ಮತ್ತೆ ನೇರ ಯಾವುದು ಅಂತ ಕಲಿಸಬೇಕು. ಮಟ್ಟದ ನೆಲದ ಮೇಲೆ ಕಾರು ನಿಲ್ಲಿಸಬೇಕು, ನಾಲ್ಕೂ ಚಕ್ರದ ಗಾಳಿ ನೋಡಬೇಕು, ಕಾರೊಳಗಿನ ಸಾಮಾನೆಲ್ಲ ಇಳಿಸಬೇಕು, ಮುಂದೆ ಕಪ್ಪು ಬಿಳಿ ಚೌಕದ ಹಲಗೆ ಇಟ್ಟು ಟೇಪು ಹಿಡಿದು ಅಳೀಬೇಕು. ಕೂದಲೆಳೆಯಷ್ಟು ಓರೆಯಾದ್ರೂ ದೂರಕ್ಕೆ ಹೋಗೋ ಹೊತ್ತಿಗೆ ಅದು ಪಕ್ಕದ ಸಾಲನ್ನ ನೋಡ್ತಿರುತ್ತೆ. ಒಂದೂವರೆ ಗಂಟೆಯ ಕೆಲಸ.

ನಮ್ಮ ಮಾಲೀಕರಿಗೆ ಒಂದೂವರೆ ಗಂಟೆ ಅಂದ್ರೆ ಇನ್ನೊಂದು ಗಾಜು. "ಡ್ಯಾಶ್‌ಬೋರ್ಡಲ್ಲಿ ಕೆಂಪು ದೀಪ ಹತ್ತಿಲ್ಲ ತಾನೇ? ಕ್ಯಾಮೆರಾ ಸರಿ ಇದೆ ಅಂತ ಸೈನ್ ಹಾಕಿ ಕಳಿಸು" ಅಂತಾರೆ. ದೀಪ ಎಷ್ಟೋ ಸಲ ಹತ್ತೋದೇ ಇಲ್ಲ. ಓರೆಗಣ್ಣಿಗೆ ತಾನು ಓರೆ ಅಂತ ಹೇಗೆ ಗೊತ್ತಾಗಬೇಕು?

ನಿನ್ನೆ ಒಬ್ಬಳು ಟ್ಯಾಕ್ಸಿ ಓಡಿಸೋ ಹೆಂಗಸು ಬಂದಿದ್ದಳು. ನಮ್ಮ ವಯಸ್ಸಿನವಳೇ, ಬಾಯಿ ಬಡಕಿ. ನಾನು ಅಂಟು ಬಳೀತಿದ್ದೆ, ಅವಳು ಟೀ ಕುಡೀತಾ, "ಈ ಕಾರು ಬಂದ್ಮೇಲೆ ಬದುಕಿದೆ ಅಕ್ಕಾ. ಮೊದಲು ಬ್ರೇಕ್ ಒತ್ತಿ ಒತ್ತಿ ಮಂಡಿ ಸವೆದು ಹೋಗಿತ್ತು. ಈಗ ಎಲ್ಲ ಅದೇ ನೋಡ್ಕೊಳ್ಳುತ್ತೆ, ನಾನು ಆರಾಮಾಗಿ ಕಾಲು ಚಾಚ್ಕೊಂಡಿರ್ತೀನಿ" ಅಂದಳು. ನನ್ನ ಕೈ ನಿಂತೇ ಹೋಯ್ತು.

ಗಾಜು ಕೂರಿಸಿ ಮುಗಿಸೋ ಅಷ್ಟರಲ್ಲಿ ಮಾಲೀಕರು ಪೆನ್ನು ಹಾಳೆ ಹಿಡ್ಕೊಂಡು ಬಂದರು. ಹಲಗೆ ಇಟ್ಟು ನೋಡದೆ ನಾನು ಸಹಿ ಹಾಕಲ್ಲ ಅಂದೆ. ಅವಳ ಎದುರಿಗೇ ಅಂದೆ, ಮೆಲ್ಲಗೂ ಅನ್ನಲಿಲ್ಲ. ಅವರಿಗೆ ಎಲ್ಲಿತ್ತೋ ಸಿಟ್ಟು! "ಈ ಕಾರುಗಳು ಬರೋದಕ್ಕೆ ಮುಂಚೆ ಜನ ಬದುಕಿರಲಿಲ್ವೇನೇ? ಬ್ರೇಕ್ ಹಾಕೋಕೆ ಅವಳಿಗೆ ಕಾಲಿಲ್ವಾ?"

"ಬದುಕಿದ್ರು ಸಾರ್. ಕಾಪಾಡೋಕೆ ಯಾರೂ ಇಲ್ಲ ಅಂತ ಅವರಿಗೆ ಗೊತ್ತಿತ್ತು, ಕಾಲು ಬ್ರೇಕ್ ಮೇಲೇ ಇರ್ತಿತ್ತು. ಇವಳು ಕಾಪಾಡೋಕೆ ಕಾರಿದೆ ಅಂತ ನಂಬಿಕೊಂಡು ಕಾಲು ಚಾಚಿದ್ದಾಳೆ. ಕೆಲಸ ಮಾಡದೇ ಇರೋದನ್ನ ಮಾಡುತ್ತೆ ಅಂತ ಬರೆದುಕೊಡೋ ಬದಲು ಆ ಕ್ಯಾಮೆರಾ ಕಿತ್ತು ಬಿಸಾಕಿ ಕಳಿಸಿ, ಅದೇ ವಾಸಿ."

"ನಾಳೆಯಿಂದ ಬರಬೇಡ" ಅಂದರು.

"ಆಯ್ತು. ಇವತ್ತಿನ್ನೂ ಮುಗಿದಿಲ್ಲವಲ್ಲ" ಅಂದೆ. ಹಲಗೆ ಎಳ್ಕೊಂಡು ಬಂದು ನಿಲ್ಲಿಸಿದೆ. ಒಬ್ಬರೂ ಮಿಸುಕಲಿಲ್ಲ. ಕೊನೆಗೆ ನಮ್ಮ ಗ್ಯಾರೇಜಲ್ಲಿ ಕಾರಿಗೆ ಬಣ್ಣ ಹೊಡೆಯೋ ಪೇಂಟಿನ ಮಾಮ, ಆ ಮೂರು ಮಾತಿಗೆ ಒಂದು ಮಾತಾಡೋ ಮನುಷ್ಯ, ಎದ್ದು ಬಂದು ಟೇಪಿನ ಆ ತುದಿ ಹಿಡ್ಕೊಂಡ. ಒಂದೂವರೆ ಗಂಟೆ ಮಾಲೀಕರು ಬಾಗಿಲಲ್ಲಿ ಬುಸುಗುಟ್ತಾ ನಿಂತಿದ್ದರು. ಆ ಕಣ್ಣು ಎಷ್ಟು ಓರೆ ಇತ್ತು ಗೊತ್ತಾ? ಅಳತೆ ತೋರಿಸೋ ಯಂತ್ರದಲ್ಲಿ ಅಂಕಿ ನೋಡಿ ಆ ಟ್ಯಾಕ್ಸಿಯವಳು ಇನ್ನೊಂದು ಸಲ ಅಳೆಸಿದಳು. ಸರಿ ಮಾಡಿದೆ, ಆಮೇಲೆ ಸಹಿ ಹಾಕಿದೆ. "ಆದ್ರೂ ಕಾಲು ಬ್ರೇಕ್ ಹತ್ತಿರಾನೇ ಇರಲಿ ಕಣಮ್ಮ" ಅಂತ ಹೇಳಿ ಕಳಿಸಿದೆ.

ಈಗ ನಿನ್ನ ವಿಷಯ. ಮರಿಯ ಕೈ ಮುರಿದ ಆ ಅಪಘಾತ ಆದ್ಮೇಲೆ ನೀನು ಸ್ಟೀರಿಂಗ್ ಮುಟ್ಟೇ ಇಲ್ವಂತೆ. ಮನೆಮನೆಗೆ ಹೋಗಿ ಲಕ್ವ ಹೊಡೆದವರನ್ನ ಎಬ್ಬಿಸಿ ನಡೆಸ್ತಿದ್ದವಳು, ಈಗ ಆಸ್ಪತ್ರೆ ಕೌಂಟರಿನಲ್ಲಿ ಚೀಟಿ ಹರೀತಾ ಕೂತಿದ್ದೀಯಂತೆ. ನಿಮ್ಮ ಯಜಮಾನ್ರು ಊಟಕ್ಕೆ ಕೂತಾಗಲೆಲ್ಲ "ನಿಂತಿರೋ ವ್ಯಾನು ಕಾಣದೇ ಇರೋರು ಗಾಡಿ ಓಡಿಸಬಾರದು" ಅಂತಾರಂತೆ. ಮರಿ ನಿನ್ನ ಜೊತೆ ಕಾರು ಹತ್ತಲ್ಲ ಅಂತ ಅತ್ತಳಂತೆ. ಅದು ಕೇಳಿ ನನಗೆ ಎರಡು ದಿನ ಅನ್ನ ಸೇರಲಿಲ್ಲ.

ಆದ್ರೆ ಕೇಳು. ಎರಡು ವರ್ಷದಿಂದ ಆ ಕಾರು ನಿನ್ನ ಕಾಲಿಗಿಂತ ಮೊದಲೇ ಬ್ರೇಕ್ ಹಾಕ್ತಿತ್ತು. ನೀನೇ ಹೇಳಿ ನಗ್ತಿದ್ದೆ, ನಮ್ಮತ್ತೆಗಿಂತ ಜಾಸ್ತಿ ಗದರುತ್ತೆ ಅಂತ. ಕಾಲಿಗೆ ಸೋಮಾರಿತನ ಕಲಿಸಿದ್ದು ಅದು. ಆವತ್ತು ಅದು ಹಾಕುತ್ತೆ ಅಂತ ನಿನ್ನ ಕಾಲು ಅರೆ ಕ್ಷಣ ಕಾದಿರುತ್ತೆ. ಅಷ್ಟಕ್ಕೇ ಬದುಕನ್ನೆಲ್ಲ ಗೂಟಕ್ಕೆ ಕಟ್ಟಿ ಹಾಕ್ತೀಯಾ? ಸೋಮವಾರ ಕೀಲಿ ತಗೋ. ಮನೆಯವರು ತಲೆ ಕೆಳಗೆ ಮಾಡಿ ನಿಂತರೂ ತಗೋ. ಕಾಲು ನಡುಗಿದ್ರೆ ನಡುಗಲಿ, ನಡುಗೋ ಕಾಲಲ್ಲೇ ಬ್ರೇಕ್ ಒತ್ತು.

ನಿನಗೂ ಮರಿಗೂ ಒಳ್ಳೇದಾಗಲಿ. ನಿನ್ನ ಕೈ ಹಿಡಿದು ನಡೆಯೋರು ಇನ್ನೂ ನೂರು ಜನ ಆಗಲಿ. ಅಮ್ಮನಿಗೆ ಕೆಲಸ ಹೋದ ಸುದ್ದಿ ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ.

ನಿನ್ನ ಅಕ್ಕ

ಮರೆತು ಉಳಿದದ್ದಲ್ಲ, ಮೇಲೆ ಬರೆಯೋಕೆ ಧೈರ್ಯ ಬರದೆ ಉಳಿದದ್ದು: ಅಕ್ಟೋಬರಿನಲ್ಲಿ ಕಲ್ಲು ಸಿಡಿದು ನಿನ್ನ ಕಾರಿನ ಗಾಜು ಬಿರುಕು ಬಿಟ್ಟಿತ್ತಲ್ಲ, ಹೊಸದು ಹಾಕಿದ್ದು ನಾನು. ಆವತ್ತು ಮಾಲೀಕರು ಊರಲ್ಲೇ ಇರಲಿಲ್ಲ, ಅವರ ಮೇಲೆ ಹಾಕೋ ಹಾಗಿಲ್ಲ. ಮರಿಯ ಈಜಿನ ಕ್ಲಾಸಿಗೆ ಹೊತ್ತಾಯ್ತು ಅಂದೆ ನೀನು. ನಮ್ಮ ಹುಡುಗೀದೇ ತಾನೇ, ಭಾನುವಾರ ಮನೆಗೆ ಬರ್ತಾಳಲ್ಲ, ಆಗ ಕಾರನ್ನ ಗ್ಯಾರೇಜಿಗೆ ತಗೊಂಡು ಹೋಗಿ ಆ ಕಣ್ಣು ನೋಡಿದ್ರಾಯ್ತು ಅಂದುಕೊಂಡೆ. ಬೇರೆಯವರ ಕಾರಾಗಿದ್ರೆ ಬಿಡ್ತಿರಲಿಲ್ಲ ಕಣೇ. ಹಲಗೆ ಇಡದೇನೇ ಎಲ್ಲ ಸರಿ ಇದೆ ಅಂತ ಸಹಿ ಹಾಕಿಬಿಟ್ಟೆ. ಭಾನುವಾರ ನೀನು ಬಂದೆ, ಹರಟಿದ್ವಿ, ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ವಿ, ನಾನು ಮರೆತೆ. ಮೂರು ವಾರಕ್ಕೆ ನಿನ್ನ ಕಾರು ಆ ವ್ಯಾನಿಗೆ ಗುದ್ದಿತು. ಆಸ್ಪತ್ರೆಯಲ್ಲಿ ನೀನು "ನನ್ನ ಕಾಲೇ ಅಕ್ಕಾ, ಎಲ್ಲ ನನ್ನ ಕಾಲೇ" ಅಂತ ಬಡ್ಕೊಂಡು ಅಳ್ತಿದ್ದೆ. ನಾನು ನಿನ್ನ ಬೆನ್ನು ಸವರ್ತಾ ಬಾಯಿ ಮುಚ್ಕೊಂಡು ನಿಂತಿದ್ದೆ.

ನಿನ್ನೆ ಹೊರಡುವಾಗ ಮಾಲೀಕರು, ಅಳತೆ ಬರೆಯದೇ ನಾನು ಸಹಿ ಹಾಕಿದ್ದ ನಿನ್ನ ಕಾರಿನ ಆ ಹಾಳೆಯನ್ನೇ ಹುಡುಕಿ ತೆಗೆದು ನನ್ನ ಮುಖಕ್ಕೆ ಹಿಡಿದರು. "ಹೊರಗೆ ಹೋಗಿ ಬಾಯಿ ಬಿಟ್ರೆ ಇದನ್ನ ನಿನ್ನ ತಂಗಿಗೆ ಕಳಿಸ್ತೀನಿ" ಅಂದರು. "ನಿಮಗ್ಯಾಕೆ ತೊಂದರೆ, ಇಲ್ಲಿ ಕೊಡಿ" ಅಂತ ಕಿತ್ತುಕೊಂಡು ಬಂದೆ. ಈ ಕಾಗದದ ಜೊತೆ ಮಡಿಸಿ ಇಟ್ಟಿದ್ದೀನಿ. ನಿಮ್ಮ ಯಜಮಾನ್ರ ತಟ್ಟೆ ಪಕ್ಕ ಇಡು. ವಿಮೆಯವರಿಗೆ ಕೊಡು, ಪೊಲೀಸರಿಗೆ ಬೇಕಾದ್ರೂ ಕೊಡು, ನಾನು ಎಲ್ಲಿಗೂ ಓಡಿ ಹೋಗಲ್ಲ. ನನ್ನ ಮುಖ ನೋಡಬೇಡ ಅಂತಿದ್ರೆ ನೋಡಬೇಡ. ಆದ್ರೆ ಮರಿಯನ್ನ ಪಕ್ಕ ಕೂರಿಸಿಕೊಂಡು ಇವತ್ತೇ ಹೇಳು, ಅವಳ ಕೈ ಮುರಿದದ್ದು ಅಮ್ಮನಿಂದಲ್ಲ, ದೊಡ್ಡಮ್ಮನಿಂದ ಅಂತ.