ಜೂನ್ ಒಂದನೇ ತಾರೀಖಿನ ಕೂಸುಗಳು

ತಾರೀಖು ಕೊಡುವುದರಲ್ಲಿ ದಾನಶೂರರಾದ ಮಧ್ಯಸ್ಥಗಾರ ಮಾನ್ಯರೇ,

ಶಹಾಬಾದಿನ ಕಲ್ಲು ಪಾಲಿಶ್ ಕಾರ್ಮಿಕರ ಸಂಘವೂ ಕಾರ್ಖಾನೆಯ ಮಾಲೀಕರೂ ಒಪ್ಪಿ ತಮ್ಮ ಜಗಳವನ್ನು ಸರಕಾರಿ ಅಧಿಕಾರಿಯಾದ ನಿಮ್ಮ ಮುಂದಿಟ್ಟು ಮೂರು ವರ್ಷವಾಯಿತು. ಹನ್ನೊಂದು ತಾರೀಖು ಕೊಟ್ಟಿರಿ, ಒಂದು ತೀರ್ಪು ಕೊಡಲಿಲ್ಲ. ಹನ್ನೊಂದು ಸಲವೂ ಮಾಲೀಕರ ವಕೀಲರಿಗೆ ನೆಗಡಿ. ಇಂಥ ನೆಗಡಿ ನಮ್ಮ ಎಮ್ಮೆಗೆ ಬಂದಿದ್ದರೆ ಎಂದೋ ಸಂತೆಗೆ ಹೊಡೆದಿರುತ್ತಿದ್ದೆ.

ಜಗಳವಾದರೂ ಎಂಥದ್ದು? ನನ್ನ ಅಣ್ಣನ ಮಗಳು ದಾನಮ್ಮ ಅಲ್ಲಿ ದುಡಿಯುತ್ತಿದ್ದಳು. ಒಂದು ದಿನ ಪಾಲಿಶ್ ಮಷಿನಿಗೆ ನೀರು ಬರುವುದು ನಿಂತು, ಕಲ್ಲಿನ ಧೂಳೆದ್ದು, ಪಕ್ಕದವರ ಮುಖ ಕಾಣದಾಯಿತು. ಇವಳು ಮಷಿನ್ ಬಂದ್ ಮಾಡಿದಳು. ಮಾಲು ಕೆಡಿಸಿದಳೆಂದು ರಟ್ಟೆ ಹಿಡಿಸಿ ಗೇಟಿನಾಚೆ ನೂಕಿಸಿದರು. ಸಂಘ ಕೇಳಿದ್ದು ಇಷ್ಟೇ: ಅವಳನ್ನು ಮರಳಿ ಒಳಗೆ ಕರೆಯಿರಿ.

ನಮ್ಮೂರು ಆಡಕಿಯಲ್ಲಿ ಬಾವಿಯ ಪಾಲಿನ ಜಗಳವನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದವನು ನಾನು. ಎರಡೂ ಕಡೆಯವರನ್ನು ಒಂದೇ ಕಂಬಳಿಯ ಮೇಲೆ ಕೂರಿಸಿ, ಬಗೆಹರಿಯುವ ತನಕ ಯಾರಿಗೂ ರೊಟ್ಟಿಯಿಲ್ಲ, ನನಗೂ ಇಲ್ಲ ಎಂದೆ. ನಿಮಗೆ ಕುರ್ಚಿಯಿದೆ, ಫ್ಯಾನಿದೆ, ಹೊತ್ತಿಗೆ ಸರಿಯಾಗಿ ಊಟದ ಡಬ್ಬಿ ಬರುತ್ತದೆ. ತೀರ್ಪು ಎಲ್ಲಿಂದ ಹುಟ್ಟೀತು?

ಕಳೆದ ಸಲ ನಾನೇ ಎದ್ದು ನಿಂತೆ. “ಸಾಹೇಬ್ರ, ಮೇ ಮೂವತ್ತೊಂದಕ್ಕ ಆಕೀ ನೌಕರಿ ವಯಸ್ಸೇ ಮುಗೀತದ್ರಿ.” ನೀವು ನಕ್ಕಿರಿ. “ಕಾನೂನಿಗಿ ಕಾಲಿಲ್ಲ ಕಾಕಾ, ತೆವಳ್ಕೋತ ಬರ್ತದ.” ನಕ್ಕು ಕೊಟ್ಟ ತಾರೀಖು ಜೂನ್ ಹದಿನೇಳು. ಹೊರಗೆ ದಾನಮ್ಮ ಅಂದಳು: “ಒಂದೇ ದಿನ ಒಳಗ ಹೋಗಿ ನನ್ ಕಾಲಿಲೇ ನಾ ಹೊರಗ ಬರಬೇಕು ಕಾಕಾ. ನೂಕಿಸ್ಕೊಂಡು ಅಲ್ಲ.”

ಆ ವಯಸ್ಸು ಬರೆದ ಪಾಪಿಯೂ ನಾನೇ. ಹದಿನಾಲ್ಕರ ಹುಡುಗಿಯನ್ನು ಕೆಲಸಕ್ಕೆ ತೆಗೆದುಕೊಳ್ಳಲೆಂದು ಅರ್ಜಿಯಲ್ಲಿ ನಾಲ್ಕು ವರ್ಷ ಕೂಡಿಸಿ, ಹುಟ್ಟಿದ ದಿನ ಜೂನ್ ಒಂದು ಎಂದು ಬರೆದೆ. ಶಾಲೆಯ ಮಾಸ್ತರರು ನಮಗೆಲ್ಲ ಬರೆದದ್ದೂ ಅದೇ. ನಮ್ಮ ಕಡೆಯ ತಾಯಂದಿರು ಬೇರೆ ದಿನ ಹೆತ್ತದ್ದೇ ಇಲ್ಲ. ಏಳನೇ ಇಯತ್ತೆಯಲ್ಲಿ ನನ್ನಂಥ ದುಂಡು ಅಕ್ಷರ ಇಡೀ ಸೇಡಂ ತಾಲ್ಲೂಕಿನಲ್ಲಿ ಇರಲಿಲ್ಲ. ಅಷ್ಟು ಚಂದವಾಗಿ ಅವಳ ನಾಲ್ಕು ವರ್ಷ ಕದ್ದೆ. ನಾನು ಕದ್ದದ್ದು ತಿಳಿಯದೆ. ನೀವು?

ಮೊನ್ನೆ ಚಹಾದಂಗಡಿಯಲ್ಲಿ ನಿಮ್ಮ ಜವಾನ ಬಂದೇಅಲಿ ಸಿಕ್ಕಿದ್ದ. “ನಮ್ ಸಾಹೇಬ್ರೂ ಜೂನ್ ಒಂದರವ್ರೇ ಕಾಕಾ. ಮೇ ಮೂವತ್ತೊಂದಕ್ಕ ರಿಟೈರ್. ಶಾಲು ಆರಿಸ್ಲಿಕತ್ತೀವಿ.” ಅಂದರೆ ಜೂನ್ ಹದಿನೇಳಕ್ಕೆ ನಮ್ಮ ಹೆಸರು ಕೂಗಿದಾಗ ಒಳಗೆ ಹೋಗಬೇಕಾದ ಕೆಲಸಗಾರ್ತಿಯೂ ಇಲ್ಲ, ಹೋಗೆನ್ನಬೇಕಾದ ನೀವೂ ಇಲ್ಲ. ಎಂಥ ನಿಷ್ಪಕ್ಷಪಾತ.

ಮೇ ಮೂವತ್ತರೊಳಗೆ ತೀರ್ಪು ಬರೆಯಿರಿ. ಒಂದು ದಿನಕ್ಕಾದರೂ ಅವಳನ್ನು ಆ ಗೇಟಿನೊಳಗೆ ಕಳಿಸಿರಿ. ಇಲ್ಲವಾದರೆ ಮೂವತ್ತೊಂದರಂದು ನಿಮ್ಮ ಬೀಳ್ಕೊಡುಗೆಗೆ ದಾನಮ್ಮನನ್ನು ಕರೆತಂದು ಮುಂದಿನ ಸಾಲಿನಲ್ಲೇ ಕೂರಿಸುತ್ತೇನೆ. ನಿಮಗೆ ಶಾಲು ಹೊದಿಸಿ, ಕೈಹಿಡಿದು ಗೇಟಿನ ತನಕ ಬಿಟ್ಟುಬರುವಾಗ ಅವಳೂ ನೋಡಲಿ, ಕೆಲಸ ಮುಗಿದವರನ್ನು ಹೇಗೆ ಹೊರಗೆ ಕಳಿಸುತ್ತಾರೆ ಎಂದು.

ಇಂತಿ,
ಅಕ್ಷರ ದುಂಡಗಿದ್ದೂ ಬುದ್ಧಿ ಸೊಟ್ಟಗಿದ್ದ
ಚಂದ್ರಾಮಪ್ಪ, ಆಡಕಿ