ಕಾವೆಂಜಿಗೆ ಹೇಳಿ ಬರುವುದು

ಆಗಸ್ಟ್ 9, ಬೆಳಗಿನ 5.40

ಹಾಲು ಕುಡಿಸಿದ್ದು ಎಡಗಡೆ ಹನ್ನೆರಡು ನಿಮಿಷ, ಬಲಗಡೆ ಏಳು. ತೇಗಿದಳು. ಜ್ವರ ಇಲ್ಲ — ಎರಡು ಸಲ ನೋಡಿದೆ. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವುದನ್ನು ಬಿಡಿ ಅಂತ ನರ್ಸ್ ಹೇಳಿದ್ದರು. ಬಿಟ್ಟಿಲ್ಲ. ನಿದ್ದೆಯೂ ಇಲ್ಲ. ನಾಲ್ಕು ತಿಂಗಳಾಯಿತು, ಕೂಸಿಗೆ ಹೆಸರಿಲ್ಲ. ಆಸ್ಪತ್ರೆಯ ಕಾರ್ಡಿನಲ್ಲಿ ಇನ್ನೂ 'ಇನಾವಿಯ ಮಗು'.

ನಿನ್ನೆ ನನ್ನ ಗಂಡ ಚೆರಿಪೋನ ದೊಡ್ಡಪ್ಪನ ಹತ್ತಿರ ಮತ್ತೆ ಹೋಗಿದ್ದೆವು. ಮನೆತನದ ಪವಿತ್ರ ಬೆಂಕಿ ಕಾಯುವವರು ಅವರು. ಅದರ ಮುಂದೆ ಕೂತು ಅವರು ತೀರಿಕೊಂಡ ಹಿರಿಯರಿಗೆ ತಿಳಿಸುವವರೆಗೆ ಯಾವ ಹೆಸರೂ ಹೆಸರಲ್ಲ.

"ಕಾವೆಂಜಿ ಅಂತ ಇಡಬೇಕು ದೊಡ್ಡಪ್ಪಾ."

"ಯಾರವಳು?"

"ನಮ್ಮಮ್ಮನ ಮುತ್ತಜ್ಜಿ. ಜರ್ಮನ್ನರು ನಮ್ಮನ್ನ ಆಳ್ತಿದ್ದ ಕಾಲದಲ್ಲಿ ಶಾರ್ಕ್ ದ್ವೀಪದ ಸೆರೆಶಿಬಿರದಲ್ಲಿ ತೀರಿಕೊಂಡಳು."

"ಸಮಾಧಿ ನೋಡಿದೀಯಾ? ನಿಮ್ಮ ಕಡೆಯವರು ಯಾರಾದ್ರೂ ಹೋಗಿ ಮಾತಾಡಿಸಿದಾರಾ?"

ಇಲ್ಲ ಅಂದೆ.

"ನೂರು ವರ್ಷದ ಮೇಲಾಯ್ತು, ಒಂದು ಮಾತು ಆಡಿಸಿಲ್ಲ. ಈಗ ಹೆಸರು ಬೇಕು ಅಂತ ನಾನು ಇಲ್ಲಿ ಕೂತು ಕರೀಲಾ? ಅವಳಿಗೆ ಸಿಟ್ಟು ಬರಲ್ವಾ? ಮೊದಲು ಹೋಗಿ ಹೇಳಿ ಬಾ. ಆಗಲ್ಲ ಅಂದ್ರೆ ನಮ್ಮವ್ವನ ಹೆಸರಿದೆ, ಅದಕ್ಕೇನಾಗಿದೆ?"

ಹೋಗುತ್ತೇನೆ ಅಂದೆ. ಬಾಯಿಂದ ಬಂದುಬಿಟ್ಟಿತು. ಚೆರಿಪೋ ನನ್ನನ್ನೇ ನೋಡಿದ.


ಆಗಸ್ಟ್ 10

"ನಮ್ಮ ಒಕಕರಾರಾದಿಂದ ಆ ದ್ವೀಪ ಇರೋ ಲೂಡರಿಟ್ಸ್‌ಗೆ ಸಾವಿರ ಕಿಲೋಮೀಟರ್ ಕಣೇ! ಆ ಕಡಲ ಗಾಳಿಗೆ ದನಾನೇ ಹಾರಿಹೋಗುತ್ತೆ. ನಮ್ಮ ಕೂಸು ಎಷ್ಟು ತೂಗುತ್ತೆ?" ಚೆರಿಪೋ ಕೇಳಿದ.

"ಐದು ಕಿಲೋ ನೂರು ಗ್ರಾಂ."

"ಮಾಂಸದಂಗಡಿಯವಳ ಹಾಗೆ ಹೇಳ್ತೀಯಲ್ಲ."

ನಗು ಬಂತು, ಬಿಟ್ಟುಕೊಡಲಿಲ್ಲ. ನನಗೂ ಭಯವಿದೆ. ಅವನಿಗಿಂತ ಹೆಚ್ಚೇ ಇದೆ. ಆದರೆ ಇವಳು ಎಂಟನೆಯ ತಿಂಗಳಿಗೆ ಹುಟ್ಟಿ ಹತ್ತೊಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದಾಗ, ಅದರ ಪಕ್ಕ ಸ್ಟೂಲಿನ ಮೇಲೆ ಕೂತು ನಾನು ನೆನೆದದ್ದು ಕಾವೆಂಜಿಯನ್ನೇ. ಅವಳು ಆ ದ್ವೀಪದ ಬಂಡೆಗಳ ಮೇಲೆ ಹೆತ್ತಳು. ಕಂಬಳಿ ಇರಲಿಲ್ಲ. ಅವಳು ಸತ್ತ ಮೇಲೆ ಇನ್ಯಾವಳೋ ಕೂಸನ್ನು ಎದೆಗೆ ಕಟ್ಟಿಕೊಂಡು ಉಳಿಸಿದಳು. ಆ ಕೂಸೇ ಅಮ್ಮನ ಅಜ್ಜಿ. ಅವತ್ತು ಆ ಸ್ಟೂಲಿನ ಮೇಲೆ ಹೇಳಿಕೊಂಡಿದ್ದೆ — ಇವಳು ಬದುಕಿದರೆ ನಿನ್ನ ಹೆಸರು.

ಬದುಕಿದ್ದಾಳೆ.


ಆಗಸ್ಟ್ 17

ಏಳು ದಿನ ಕೂಸಿಗೆ ಕೆಮ್ಮು. ಬರೆಯಲು ಕೈ ಬಿಡುವಾಗಲಿಲ್ಲ. ಡಾಕ್ಟರ್ ಎದೆಗೆ ಸ್ಟೆಥಸ್ಕೋಪ್ ಇಟ್ಟು ಕೇಳಿ, ಶ್ವಾಸಕೋಶ ಚೊಕ್ಕವಾಗಿದೆ ಅಂದರು. ಪ್ರಯಾಣ? "ಬೆಚ್ಚಗಿಡಿ. ಮಗುವಿಗಿಂತ ನೀವು ಮೊದಲು ಮಲಗಿ." ಮೊದಲನೆಯದು ಸಾಧ್ಯ.

ನಾನು ಪಾಠ ಹೇಳುವ ಶಾಲೆಗೆ ರಜೆ ಶುರು. ಚೆರಿಪೋ ಕರು ಹಾಕಲಿರುವ ಎರಡು ಹಸುಗಳನ್ನು ತಮ್ಮನಿಗೆ ಒಪ್ಪಿಸಿ, ಹತ್ತು ಸಲ ಹೇಳಿದ್ದನ್ನೇ ಹೇಳಿ, ಪಿಕಪ್ ತೊಳೆದ. ಬಾಯಲ್ಲಿ ಮಾತ್ರ ಇನ್ನೂ ಒಪ್ಪಿಲ್ಲ.


ಆಗಸ್ಟ್ 21, ಲೂಡರಿಟ್ಸ್

ಎರಡು ದಿನದ ದಾರಿ. ಹದಿನಾಲ್ಕು ಸಲ ನಿಲ್ಲಿಸಿದೆವು.

ಹಿರಿಯರ ಮುಂದೆ ಜೀನ್ಸ್‌ನಲ್ಲಿ ನಿಲ್ಲುವುದು ಹೇಗೆ? ವಸತಿಗೃಹದಲ್ಲೇ ನೆಲ ಮುಟ್ಟುವ ಉದ್ದ ಲಂಗ ಉಟ್ಟು, ದನದ ಕೊಂಬಿನಂತೆ ಎರಡೂ ಕಡೆ ಚಾಚುವ ರುಮಾಲು ಕಟ್ಟಿದೆ. ಕೂಸನ್ನು ಮೂರು ಶಾಲಿನಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡೆ.

ದ್ವೀಪ ಈಗ ದ್ವೀಪವಲ್ಲ, ಊರಿಗೆ ಅಂಟಿಕೊಂಡಿದೆ. ಪ್ರವಾಸಿಗರು ಟೆಂಟ್ ಹಾಕುವ ಜಾಗ. ಇದು ಗೊತ್ತಿತ್ತು, ಕಾಲೇಜಿನಲ್ಲಿ ಓದಿದ್ದೆ. ಆದರೂ ಬಂಡೆಗಳ ಸಂದಿಯಲ್ಲಿ ಮಾಂಸ ಸುಡುವ ಒಲೆಗಳನ್ನು ಕಂಡು ನಿಂತುಬಿಟ್ಟೆ.

ಬಿಳಿಯ ಹೆಂಗಸೊಬ್ಬಳು ಸಾಸೇಜ್ ಹಿಡಿದ ಇಕ್ಕಳದೊಂದಿಗೇ ಓಡಿ ಬಂದಳು. "ಎಷ್ಟು ಚೆಂದ ಡ್ರೆಸ್ಸು! ಬೊಂಬೆ ತಂದಿದೀರಾ? ಫೋಟೊಗೆ ಎಷ್ಟು?"

ಈ ಲಂಗದಲ್ಲಿ ನಮ್ಮ ಹೆರೆರೋ ಹೆಂಗಸರು ರಸ್ತೆಬದಿ ಬೊಂಬೆ ಮಾರುತ್ತಾರೆ, ನಿಜ. ಅವಳ ತಪ್ಪಲ್ಲ. ಚೆರಿಪೋ ಒಂದು ಹೆಜ್ಜೆ ಮುಂದೆ ಬಂದ. ನಾನೇ ಹೇಳಿದೆ: "ಮಾರೋಕೆ ಬಂದಿಲ್ಲ. ನಮ್ಮವರು ಇಲ್ಲಿ ಸತ್ತಿದಾರೆ, ಮಾತಾಡಿಸೋಕೆ ಬಂದೆ."

"ಇಲ್ಲಿ? ಇಲ್ಲೇ?"

"ಇಲ್ಲೇ."

ಅವಳು ತನ್ನ ಒಲೆಯ ಕಡೆ ನೋಡಿದಳು. ಆಮೇಲೆ ಇಕ್ಕಳ ಎಲ್ಲಿ ಇಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡಳು.

ಸ್ಮಾರಕದ ಕಲ್ಲಿದೆ. ಸಮಾಧಿ ಒಂದೂ ಇಲ್ಲ. ಮೂರು ಸುತ್ತು ಹಾಕಿದೆ. ಗಾಳಿಗೆ ರುಮಾಲಿನ ಒಂದು ಕೊಂಬು ಮಡಚಿ ಕಣ್ಣಿನ ಮೇಲೆ ಬಿತ್ತು. ಟೆಂಟ್ ಜಾಗದ ಗೇಟು ಕಾಯುತ್ತ ಕೂತಿದ್ದಾಕೆ ಬಿದ್ದು ಬಿದ್ದು ನಕ್ಕಳು.

"ಹೆರೆರೋ ಕೊಂಬು ಈ ಗಾಳಿಗೆ ನಿಲ್ಲಲ್ಲ ಕಣಮ್ಮಾ! ಬಾ, ಒಳಗೆ ಬಾ, ಕೂಸಿಗೆ ಹಾಲು ಕೊಡು."

ರೋಸೀನಾ. ನಮ್ಮವರಂತೆಯೇ ಇಲ್ಲಿ ಸೆರೆಯಾಗಿದ್ದ ನಾಮಾ ಜನದವಳು, ಐವತ್ತರ ಮೇಲಿರಬೇಕು. ಬಂದ ಕಾರಣ ಹೇಳಿದೆ. ನಗು ನಿಲ್ಲಿಸಿದಳು.

"ಇಲ್ಲಿ ಹುಡುಕಿದ್ರೆ ಸಿಗಲ್ಲ ಮಗಳೇ. ಎಷ್ಟೋ ಜನಾನ ಊರಾಚೆ ಮರಳಲ್ಲಿ ಹೂಳಿದಾರೆ. ನಿಮ್ಮವರು, ನಮ್ಮವರು, ಎಲ್ಲಾ ಒಟ್ಟಿಗೆ. ನಾಳೆ ನಂಗೆ ರಜ. ಕರ್ಕೊಂಡು ಹೋಗ್ತೀನಿ."


ಆಗಸ್ಟ್ 22, 11.15

ಮರಳು. ದಿಬ್ಬಗಳು. ಸಾಲು ಸಾಲಾಗಿ, ಕೆಲವು ಮೊಣಕಾಲೆತ್ತರ, ಕೆಲವು ಇವೆಯೋ ಇಲ್ಲವೋ ಅನ್ನುವಷ್ಟು. ಒಂದರ ಮೇಲೂ ಹೆಸರಿಲ್ಲ. ರೋಸೀನಾ ಮಾತಾಡುತ್ತಲೇ ಬಗ್ಗಿ, ಕುಸಿದದ್ದಕ್ಕೆ ಅಂಗೈಯಿಂದ ಮರಳು ಎಳೆದು ಏರಿಸುತ್ತ ಹೋದಳು. ಬಂದಾಗಲೆಲ್ಲ ಹೀಗೇ ಮಾಡುತ್ತಾಳಂತೆ.

"ಇದರಲ್ಲಿ ಕಾವೆಂಜಿ ಯಾವುದು?" ಅಂದೆ. ಪೆದ್ದು ಪ್ರಶ್ನೆ.

"ನಮ್ಮ ಮುತ್ತಜ್ಜನೇ ಯಾವುದರಲ್ಲಿದಾನೋ ನಂಗೆ ಗೊತ್ತಿಲ್ಲ. ನಿಮ್ಮಜ್ಜೀನ ನಾನೆಲ್ಲಿ ತೋರಿಸ್ಲಿ?"

ಚೆರಿಪೋ ಪಕ್ಕಕ್ಕೆ ಕರೆದ. ಮೆಲ್ಲಗೆ ಹೇಳಿದ. "ಆ ದೊಡ್ಡ ಗುಡ್ಡೆ ಫೋಟೊ ತೆಗಿ. ಇದೇ ಅವಳದು ಅಂತ ಹೇಳು. ದೊಡ್ಡಪ್ಪ ಬಂದು ಅಗೆದು ನೋಡ್ತಾರಾ? ಗಾಳಿ ನೋಡು, ಕೂಸಿನ ಮೂಗು ಕೆಂಪಾಗಿದೆ. ಹೊರಡೋಣ."

ತೆಗೆದೆ. ಫೋಟೊ ಚೆನ್ನಾಗಿಯೇ ಬಂತು. ಕಳಿಸುವ ಗುಂಡಿಯ ಮೇಲೆ ಬೆರಳೂ ಇಟ್ಟೆ. ಕೂಸು ನನ್ನ ಕುತ್ತಿಗೆಗೆ ಬಿಸಿ ಉಸಿರು ಬಿಡುತ್ತಿತ್ತು... ಸುಳ್ಳು ಹೇಳಿ ಪಡೆದ ಹೆಸರಿನಿಂದ ಇವಳನ್ನು ದಿನಕ್ಕೆ ಎಷ್ಟು ಸಲ ಕರೆಯಬೇಕು. ಎಷ್ಟು ವರ್ಷ.

ಅಳಿಸಿದೆ. ದೊಡ್ಡಪ್ಪನಿಗೆ ಫೋನ್ ಮಾಡಿದೆ.

"ಅವಳ ಸಮಾಧಿ ಯಾವುದು ಅಂತ ಗೊತ್ತಾಗಲ್ಲ ದೊಡ್ಡಪ್ಪಾ. ಎಲ್ಲರಿಗೂ ಹೇಳ್ತೀನಿ. ಒಂದೊಂದರ ಹತ್ರಾನೂ ಹೋಗಿ."

ಆ ಕಡೆಯಿಂದ ಕೆಮ್ಮು.

"ಎಷ್ಟಿವೆ?"

"ತುಂಬಾ."

"ಅಷ್ಟು ಪುರುಸೊತ್ತಿದ್ಯಾ ನಿಂಗೆ?"

"ಶಾಲೆಗೆ ರಜ ಇದೆ."

"ಹಟಮಾರಿ." ಮತ್ತೆ ಕೆಮ್ಮು. "ಜೋರಾಗಿ ಹೇಳು. ಗಾಳಿಯಲ್ಲಿ ಪಿಸುಗುಟ್ಟಿದ್ರೆ ಯಾರಿಗೆ ಕೇಳುತ್ತೆ? ನೀನು ಯಾರ ಮಗಳು ಅಂತ ಮೊದಲು ಹೇಳು. ಒಂದನ್ನೂ ಬಿಡಬೇಡ, ಬಿಟ್ಟದ್ದೇ ಅವಳದಾಗಿದ್ರೆ? ಅಷ್ಟಾದ್ರೆ ಬಾ, ಬೆಂಕಿ ಹತ್ರ ನಾನು ಕಾಯ್ತಿರ್ತೀನಿ."

ಚೆರಿಪೋನಿಗೆ ಹೇಳಿದೆ. ಆಕಾಶ ನೋಡಿದ. "ಸಾಕ್ಸ್ ಇನ್ನೊಂದು ಜೊತೆ ಹಾಕು ಅವಳಿಗೆ" ಅಂದ.


ಆಗಸ್ಟ್ 23, 9.30

ನಿನ್ನೆ ಗಾಳಿ ಏರಿತು, ಒಂದೂವರೆ ಸಾಲಿಗೆ ನಿಲ್ಲಿಸಬೇಕಾಯಿತು. ಇವತ್ತು ಏಳಕ್ಕೇ ಬಂದೆವು. ರುಮಾಲನ್ನು ಗದ್ದದ ಕೆಳಗೆ ಹಗ್ಗ ಹಾಕಿ ಬಿಗಿದಿದ್ದೇನೆ.

ಮಂಡಿಯೂರುವುದು. ಬಲಗೈ ಮರಳಿಗೆ. "ನಾನು ಇನಾವಿ, ಜಾಮೀಯ ಮಗಳು. ಇವಳು ನನ್ನ ಮಗಳು. ಇವಳನ್ನ ಕಾವೆಂಜಿ ಅಂತ ಕರೀಬೇಕು ಅಂತಿದೀವಿ. ಇಷ್ಟು ದಿನ ಬರಲಿಲ್ಲ, ತಪ್ಪಾಯ್ತು. ನೀವು ಕಾವೆಂಜಿ ಅಲ್ಲದಿದ್ರೆ ದಯವಿಟ್ಟು ಪಕ್ಕದವರಿಗೆ ಹೇಳಿ."

ಈಗ ಪಾಠ ಹೇಳುವ ದನಿ ಬಂದಿದೆ. ಪಿಕಪ್ಪಿಗೆ ಒರಗಿ ನಿಂತಿದ್ದ ಚೆರಿಪೋ ಟೋಪಿ ತೆಗೆದು ಬಂದು ಆಚೆ ತುದಿಯಿಂದ ಶುರು ಮಾಡಿದ. ದನ ಕೂಗುವ ಗಂಟಲು, ಇಲ್ಲಿಗೂ ಕೇಳುತ್ತಿದೆ: "ನಾನು ಅವಳ ಅಪ್ಪ, ನಾನೂ ಬಂದಿದೀನಿ!" ರೋಸೀನಾ ಅವನ ಹಿಂದೆ ಮರಳು ಏರಿಸುತ್ತ, "ನಮ್ಮಜ್ಜನಿಗೆ ಕಿವಿ ಕಿವುಡಾಗುತ್ತೆ ಕಣಯ್ಯಾ, ನಿಧಾನ!"

ಹಾಲು ಕುಡಿಸಲು ಕೂತಿದ್ದೇನೆ. ಎಡಗಡೆ ಆಯಿತು. ಉಸಿರು ಸರಿಯಾಗಿದೆ, ಒಂದೇ ಸಲ ನೋಡಿದೆ.

ನನ್ನ ಸಾಲಿನಲ್ಲಿ ಮುಂದಿನದು ತೀರಾ ಸಣ್ಣದು. ಮೊಳದಷ್ಟೂ ಇಲ್ಲ. ಇದಕ್ಕೆ ನಾನು ಯಾರ ಮಗಳೆಂದು ಹೇಳಿ ಏನಾಗಬೇಕು? ಬೇರೆ ಮಾತು ಬೇಕು. ಕೂಸನ್ನು ಎದೆಯಿಂದ ಬಿಚ್ಚಿ ಹತ್ತಿರ ಹಿಡಿದು, ನಿನ್ನಷ್ಟೇ ಇರೋಳು ಒಬ್ಬಳು ಬಂದಿದಾಳೆ ನೋಡು ಕಂದಾ, ಅಂತ ಶುರು ಮಾಡಿ, ಆಮೇಲೆ ಇವಳ ಹೆಸರು ಹೇಳಬೇಕು.