ಮುಳ್ಳು ಜಿಗಿದ ಶನಿವಾರಗಳು

ಉಮ್ಮಚಗಿ, ಮಾರ್ಚ್ ೨೦೦೨

ಇವರೇ,

ನೀವು ತೀರಿಹೋಗಿ ಆರು ತಿಂಗಳಾಯಿತು. ಭೂಕಂಪಕ್ಕೆ ಮೊದಲು ನೆಲದಲ್ಲಿ ವಿದ್ಯುತ್ ಏಳುತ್ತದೆಂದು ನೀವು ಹಿತ್ತಿಲಲ್ಲಿ ಹುಗಿದ ತಾಮ್ರದ ಸರಳುಗಳು ಹಾಗೇ ಇವೆ. ಅವುಗಳ ಮೀಟರಿನ ಮುಳ್ಳನ್ನು ಈಗ ನಾನು ನೋಡಿ ನಿಮ್ಮ ಪುಸ್ತಕದಲ್ಲಿ ಬರೆಯುತ್ತೇನೆ. ಏಕೆಂದು ಕೇಳಬೇಡಿ, ರೂಢಿಯಾಗಿಬಿಟ್ಟಿದೆ.

ಇವತ್ತು ಬನವಾಸಿ ಕಡೆಯ ಲೈನ್‌ಮನ್ ಶಂಭುಲಿಂಗ ಬಂದಿದ್ದ. ಅಡುಗೆಮನೆಯ ಗ್ರೈಂಡರ್ ನೋಡಿ, "ಅಮ್ಮಾರ, ಈ ಪ್ಲಗ್ಗಿಗೆ ಕರೆಂಟ್ ವಾಪಸ್ ಹೋಗೋ ನ್ಯೂಟ್ರಲ್ ವೈರ್ ಕೊಟ್ಟೇ ಇಲ್ರಿ. ಇಷ್ಟ್ ವರ್ಷ ಅರ್ಥಿಂಗ್ ಮ್ಯಾಲೇ ತಿರಗೇತಿ. ಕರೆಂಟೆಲ್ಲ ನಿಮ್ಮ ಹಿತ್ತಲ ನೆಲದಾಗ ಹರದೇತಿ" ಎಂದ. ಸರಿಮಾಡಿಕೊಟ್ಟ. ಅಕ್ಕಿ ಹಾಕಿ, ಗ್ರೈಂಡರ್ ತಿರುಗಿಸಿ, ಹೋಗಿ ಮೀಟರ್ ನೋಡಿದೆ. ಮುಳ್ಳು ಅಲುಗಲಿಲ್ಲ.

ಆಮೇಲೆ ಹಳೆಯ ಪುಟ ತಿರುವಿದೆ. ಕಿಲ್ಲಾರಿ ಭೂಕಂಪದ ವರ್ಷದಿಂದ ಮುಳ್ಳು ಜಿಗಿಯಿತೆಂದು ನೀವು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೆಲ್ಲ ಶನಿವಾರವೇ, ಸಂಜೆ ನಾಲ್ಕರ ಮೇಲೆ. ಭಾನುವಾರದ ದೋಸೆಗೆ ನಾನು ಅರೆಯುವ ಹೊತ್ತು. ಗ್ರೈಂಡರ್ ನಿಧಾನವಾದರೆ ಅರ್ಥಿಂಗ್ ಗುಂಡಿಗೆ ಒಂದು ಕೊಡ ನೀರು ಹೊಯ್ಯುತ್ತಿದ್ದವಳೂ ನಾನೇ. ಆ ಅಂಕಿಗಳನ್ನೇ ನೀವು ಹೈದರಾಬಾದಿನ ಭೂಕಂಪ ವಿಜ್ಞಾನಿಗಳಿಗೆ ಕಳಿಸಿ, ಉತ್ತರಕ್ಕಾಗಿ ಪೋಸ್ಟಿನವನ ದಾರಿ ಕಾದದ್ದು.

ಒಮ್ಮೆ ಅಡುಗೆಮನೆಯ ಬಾಗಿಲಿಗೆ ಬಂದು ಕೇಳಿದ್ದಿರಿ, "ನೀ ಈಗ ಎಂತ ಮಾಡ್ತಾ ಇದ್ದೆ?"

"ಎಂತೂ ಇಲ್ಲೆ, ಯಾವಾಗ್ಲೂ ಮಾಡೋ ಕೆಲ್ಸನೇಯ" ಎಂದಿದ್ದೆ. ಗ್ರೈಂಡರ್ ಗುಡುಗುತ್ತಲೇ ಇತ್ತು.

ಆ ದಿನದ ಪುಟವೂ ಸಿಕ್ಕಿತು. ನಿಮ್ಮ ದುಂಡಗಿನ ಅಕ್ಷರದಲ್ಲಿ ಬರೆದಿದ್ದೀರಿ: "ಮುಳ್ಳು ಜೋರಾಗಿ ಜಿಗಿಯಿತು. ವಿಚಾರಿಸಿದೆ. ಮನೆಯಲ್ಲಿ ಏನೂ ನಡೆಯುತ್ತಿರಲಿಲ್ಲ."